ಎಆರ್‌ಸಿ ಡೇಟಾ: ಡಿಟಿಬಿಪಿಗೆ ಆ್ಯಕ್ಟಿವೇಶನ್ ಎನರ್ಜಿ 113 ಬರ್ತಿದೆ, ಎಲ್ಲಿ ಎಡವಿದೆ?

ರಾತ್ರಿಪಾಳಿ:
ಎಆರ್‌ಸಿ (ರಿಯಾಕ್ಷನ್ ತಾನಾಗೇ ಬಿಸಿಯೇರೋ ವೇಗ ಅಳೆಯೋ ಕ್ಯಾಲೊರಿಮೀಟರ್) ಮಷಿನ್ ಸರಿಯಿದೆಯಾ ನೋಡೋಣ ಅಂತ ಟೊಲ್ಯೂಯಿನ್‌ನಲ್ಲಿ 20% ಡಿಟಿಬಿಪಿ (ಡೈ-ಟರ್ಟ್-ಬ್ಯುಟೈಲ್ ಪೆರಾಕ್ಸೈಡ್) ಓಡಿಸಿದೆ. ಸಾಫ್ಟ್‌ವೇರ್ ಲೈಸೆನ್ಸ್ ಮುಗಿದಿದೆ, ಹಾಗಾಗಿ ಸಿಎಸ್‌ವಿ ತೆಗೆದು ಪೈಥಾನ್‌ನಲ್ಲಿ ನಾನೇ ಸ್ಕ್ರಿಪ್ಟ್ ಬರೆದೆ. ಸೆಲ್ಫ್-ಹೀಟ್ ರೇಟ್ ಗ್ರಾಫ್ ಗರಗಸದ ಹಲ್ಲಿನ ಥರ ಬರ್ತಿದೆ. ಶುರುವಿನಲ್ಲಂತೂ ಕೆಲವು ಕಡೆ ಮೈನಸ್, ಲಾಗ್ ತೆಗೆದರೆ ಖಾಲಿ. ಫಸ್ಟ್ ಆರ್ಡರ್ ಅಂತ ಫಿಟ್ ಮಾಡಿದ್ರೆ 113 ಕಿಲೋಜೂಲ್ ಪ್ರತಿ ಮೋಲ್‌ಗೆ. ಬರಬೇಕಾದ್ದು 158ರ ಆಸುಪಾಸು. ಫೈ (ಸ್ಯಾಂಪಲ್ ಜೊತೆ ಅದರ ಪಾತ್ರೆಯೂ ಶಾಖ ಹೀರೋದನ್ನ ಲೆಕ್ಕಕ್ಕೆ ತಗೊಳ್ಳೋ ಅಂಶ) 1.5, ಎಕ್ಸೋಥರ್ಮ್ (ತಾನಾಗೇ ಬಿಸಿಯೇರೋದು) ಶುರು 120 ಡಿಗ್ರಿ, ಕೊನೆ 193. ಕೆಲ್ವಿನ್‌ಗೆ ಬದಲಾಯಿಸಿದ್ದೀನಿ, ಅದನ್ನ ಮಾತ್ರ ಕೇಳಬೇಡಿ 🙂

ಹಳೇಥರ್ಮೋಕಪಲ್:
ಸಿಎಸ್‌ವಿಯಲ್ಲಿ 120 ಡಿಗ್ರಿ ಹತ್ತಿರದ ನಾಲ್ಕೈದು ಸಾಲು ಹಾಕಿ. ಫೈ ಎಲ್ಲಿ ಗುಣಿಸ್ತಿದ್ದೀರಿ ಅಂತಾನೂ ಹೇಳಿ.

ರಾತ್ರಿಪಾಳಿ:
30 ಸೆಕೆಂಡಿಗೊಂದು ಸಾಲು: 120.1, 120.1, 120.2, 120.1, 120.2. ಫೈಯನ್ನ ಮೊದಲೇ ಹಾಕ್ತೀನಿ. 120ರ ಮೇಲೆ ಏರಿದ್ದನ್ನೆಲ್ಲ 1.5ರಿಂದ ಗುಣಿಸಿ, ಆ ಹೊಸ ತಾಪಮಾನದ ಮೇಲೆ ಅರೇನಿಯಸ್ ಫಿಟ್ (1/ತಾಪಮಾನದ ಎದುರು ರೇಟ್ ಕಾನ್‌ಸ್ಟಂಟ್‌ನ ಲಾಗ್, ಇಳಿಜಾರಿನಿಂದ ಆ್ಯಕ್ಟಿವೇಶನ್ ಎನರ್ಜಿ).

ಹಳೇಥರ್ಮೋಕಪಲ್:
ಎರಡೂ ಸಿಕ್ಕಿತು. ಅಲ್ಲಿ ನಿಮ್ಮ ರೇಟ್ ನಿಮಿಷಕ್ಕೆ 0.06 ಡಿಗ್ರಿ ಇರಬಹುದು, ಅಂದ್ರೆ ಅರ್ಧ ನಿಮಿಷಕ್ಕೆ 0.03. ಫೈಲ್ ಉಳಿಸಿಕೊಂಡಿರೋದು ಒಂದೇ ದಶಮಾಂಶ. ಅಕ್ಕಪಕ್ಕದ ಸಾಲು ಕಳೆದರೆ ಸಿಗೋದು ರೌಂಡಿಂಗ್ ಅಷ್ಟೆ, ರಿಯಾಕ್ಷನ್ ಅಲ್ಲ. ತಾಪಮಾನ ಒಂದು ಡಿಗ್ರಿ ಏರುವಷ್ಟು ಸಾಲುಗಳನ್ನ ಒಟ್ಟಿಗೆ ತಗೊಂಡು ಸಮಯದ ಎದುರು ಸರಳರೇಖೆ ಎಳೆದು ಅದರ ಇಳಿಜಾರು ತಗೊಳ್ಳಿ. ಸಾವಿಟ್ಸ್ಕಿ-ಗೊಲೇ (ಗ್ರಾಫ್ ನಯ ಮಾಡೋ ಫಿಲ್ಟರ್) ಹಾಕೋ ಆಸೆ ಆಗುತ್ತೆ, ಆದರೆ ಅದಕ್ಕೆ ಸಮಯದ ಅಂತರ ಸಮನಾಗಿರಬೇಕು. ವೇಗ ಹೆಚ್ಚಾದಾಗ ಎಷ್ಟೋ ಮಷಿನ್‌ಗಳು ಅಂತರ ಬದಲಿಸಿಬಿಡ್ತವೆ. ಹೀಟ್-ವೇಟ್-ಸರ್ಚ್ ಹೆಜ್ಜೆಗಳನ್ನೂ (ಮಷಿನ್ ತಾನೇ ಬಿಸಿ ಮಾಡಿ, ಕಾದು, ಎಕ್ಸೋಥರ್ಮ್ ಹುಡುಕೋ ಭಾಗ) ಕತ್ತರಿಸಿ ಎಸೀರಿ.

ಇನ್ನು ಫೈ. ಬಾಂಬ್‌ನೊಳಗೆ, ಅಂದ್ರೆ ಸ್ಯಾಂಪಲ್ ಪಾತ್ರೆಯೊಳಗೆ, ಪೆರಾಕ್ಸೈಡ್ ನಿಜವಾಗಿ ಕಂಡದ್ದು ಅಳೆದ ತಾಪಮಾನವನ್ನೇ. 185ರಲ್ಲಿ ನಡೆದ ರಿಯಾಕ್ಷನ್ನನ್ನ 217ರಲ್ಲಿ ನಡೀತು ಅಂತ ನೀವು ಬರೆದಿದ್ದೀರಿ. ಎಕ್ಸ್ ಅಕ್ಷ ಹಿಗ್ಗಿತು, ಇಳಿಜಾರು ಕುಸೀತು. ಕೈಲೆಕ್ಕ ಹಾಕಿದೆ: 120ರಿಂದ 185ರ ತನಕ ಹೀಗೆ ಹಿಗ್ಗಿಸಿದರೆ 158 ಸುಮಾರು 113 ಆಗುತ್ತೆ.

ಗ್ರಾಫ್‌ಪ್ರಿಯ:
ನಡುವೆ ಬಾಯಿ ಹಾಕ್ತಿದ್ದೀನಿ, ಹಾಗಾದ್ರೆ ಫೈ ಬೇಡವೇ ಬೇಡ್ವಾ?

ಹಳೇಥರ್ಮೋಕಪಲ್:
ಫಸ್ಟ್ ಆರ್ಡರ್ ರೇಟ್ ಕಾನ್‌ಸ್ಟಂಟ್‌ಗೆ ಬೇಡ. ರೇಟನ್ನ ಕೊನೆಯ ತಾಪಮಾನಕ್ಕೆ ಉಳಿದಿರೋ ಡಿಗ್ರಿಗಳಿಂದ ಭಾಗಿಸ್ತೀವಿ. ಮೇಲೂ ಫೈ, ಕೆಳಗೂ ಫೈ, ಹೊಡೆದು ಹೋಗುತ್ತೆ. ಒಟ್ಟು ಏರಿಕೆಗೆ ಬೇಕು: 73 ಅಳೆದಿದ್ದೀರಿ, ಫೈ 1 ಆಗಿದ್ರೆ ಸುಮಾರು 110. ರಿಯಾಕ್ಟರಿನ ಟಿಎಂಆರ್ (ರಿಯಾಕ್ಷನ್ ಗರಿಷ್ಠ ವೇಗ ಮುಟ್ಟೋಕೆ ಹಿಡಿಯೋ ಸಮಯ) ಬೇಕಾದ್ರೆ ಗ್ರಾಫ್ ಎಳೆದು ಹಿಗ್ಗಿಸಬೇಡಿ, ಸಿಕ್ಕ ಕೈನೆಟಿಕ್ಸ್ ಇಟ್ಟುಕೊಂಡು ಫೈ 1 ಹಾಕಿ ಮತ್ತೆ ಇಂಟಿಗ್ರೇಟ್ ಮಾಡಿ.

ರಾತ್ರಿಪಾಳಿ:
156! ಗರಗಸ ಮಾಯ. 190ರ ಮೇಲಿನ ಮೂರು ಪಾಯಿಂಟ್ ಮಾತ್ರ ಇನ್ನೂ ರೇಖೆ ಬಿಟ್ಟು ಮೇಲೆ ಹಾರ್ತಿವೆ.

ಹಳೇಥರ್ಮೋಕಪಲ್:
ಅಲ್ಲಿ ಭಾಗಿಸ್ತಿರೋದು ಎರಡು-ಮೂರು ಡಿಗ್ರಿಯಿಂದ. ಕೊನೆಯ ತಾಪಮಾನ ಅರ್ಧ ಡಿಗ್ರಿ ತಪ್ಪಿದ್ರೂ ಹಾರುತ್ತೆ. 185ಕ್ಕೆ ನಿಲ್ಲಿಸಿ.