ಪ್ರಶ್ನೋತ್ತರ: ಬ್ಲಾಕ್ ಸೆಟ್‌ನ ಸಮುದ್ರ ಎಷ್ಟು ಆಳ?

ಪ್ರಶ್ನೆ (ಏಳು ವರ್ಷದ ಹುಡುಗಿಯ ಅಮ್ಮ): ಎಲ್ಲರಿಗೂ ನಮಸ್ಕಾರ. ಮಗಳಿಗೆ ಸಮುದ್ರದ ಬ್ಲಾಕ್ ಸೆಟ್ ಒಂದು ಉಡುಗೊರೆ ಬಂದಿದೆ. ಹಳದಿ ಸಬ್‌ಮರೀನ್, ಇಬ್ಬರು ಡೈವರ್‌ಗಳು, ತಿಮಿಂಗಿಲ, ಶಾರ್ಕ್, ಆಕ್ಟೋಪಸ್, ಆಮೆ, ತಲೆ ಮೇಲೆ ದೀಪ ಹೊತ್ತ ಒಂದು ವಿಕಾರ ಮೀನು, ಜೊತೆಗೆ ನಿಧಿ ಪೆಟ್ಟಿಗೆ. ಕಟ್ಟಿ ಮುಗಿಸಿದಳು, ಪ್ರಶ್ನೆ ಶುರು ಮಾಡಿದಳು. "ಇವೆಲ್ಲಾ ನಿಜವಾಗಿಯೂ ಒಂದೇ ಜಾಗದಲ್ಲಿ ಇರುತ್ತವಾ ಅಮ್ಮಾ?" ನನಗಂತೂ ಗೊತ್ತಿಲ್ಲ. ಗುಂಪಿನಲ್ಲಿ ಕಡಲ ಜೀವಿಗಳನ್ನು ಓದಿದವರು ಇದ್ದೀರಲ್ಲ, ಸ್ವಲ್ಪ ಹೇಳುತ್ತೀರಾ?

ಉತ್ತರ (ಕಡಲ ಜೀವಶಾಸ್ತ್ರಜ್ಞೆ): ಇಲ್ಲ, ಇರುವುದಿಲ್ಲ. ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಇಂಥ ಸೆಟ್‌ಗಳಲ್ಲಿ ಎಲ್ಲಾ ಇರುತ್ತದೆ, ಆಳ ಒಂದನ್ನು ಬಿಟ್ಟು. ಡೈವರ್ ಪಕ್ಕದಲ್ಲೇ ಆ ದೀಪದ ಮೀನು ನಿಂತಿರುತ್ತದೆ. ಅದು ಆಂಗ್ಲರ್ ಮೀನು. ಬಿಸಿಲು ತಲುಪದ ಕತ್ತಲಿನ ಪ್ರಾಣಿ. ಹವ್ಯಾಸಕ್ಕೆ ಡೈವಿಂಗ್ ಮಾಡುವವರಿಗೆ 40 ಮೀಟರೇ ಗಡಿ. ಇವರಿಬ್ಬರೂ ಎದುರಾಗುವ ಮಾತೇ ಇಲ್ಲ.

ಒಂದು ಕೆಲಸ ಮಾಡಿ. ಮನೆಯಲ್ಲಿ ಹಳೇ ಬ್ಲಾಕ್‌ಗಳು ಬಿದ್ದಿರುತ್ತವೆ, ಅಲ್ವಾ? ಲೆಗೊ ಅಳತೆಯ ಮಾಮೂಲಿ ಬ್ಲಾಕ್ ಆದರೆ ಒಂದರ ಎತ್ತರ 9.6 ಮಿಲಿಮೀಟರ್. ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಒಂದು ಬ್ಲಾಕ್ ಅಂದರೆ 100 ಮೀಟರ್ ನೀರು ಅಂತ ಲೆಕ್ಕ ಇಟ್ಟುಕೊಳ್ಳಿ. ಭೂಮಿಯ ಅತಿ ಆಳದ ಜಾಗ ಮರಿಯಾನಾ ಕಂದಕದಲ್ಲಿದೆ, ಸುಮಾರು 10,900 ಮೀಟರ್. ಅಂದರೆ 109 ಬ್ಲಾಕ್. ಒಂದು ಮೀಟರಿಗೆ ಸ್ವಲ್ಪ ಜಾಸ್ತಿ ಎತ್ತರದ ಗೋಪುರ, ಮಗಳ ಕುತ್ತಿಗೆ ಹತ್ತಿರ ಬರಬಹುದು. ಈಗ ಮೇಲಿಂದ ಎಣಿಸುತ್ತಾ ಬನ್ನಿ.

ನಿಮ್ಮ ಡೈವರ್‌ಗಳು ಮೊದಲನೇ ಬ್ಲಾಕಿನ ಅರ್ಧವನ್ನೂ ದಾಟುವುದಿಲ್ಲ. ಹವಳ, ಸಮುದ್ರ ಹುಲ್ಲು, ಬಣ್ಣದ ಮೀನುಗಳ ಮೋಜೆಲ್ಲಾ ಎರಡನೇ ಬ್ಲಾಕಿನೊಳಗೇ ಮುಗಿದುಹೋಗುತ್ತದೆ. 200 ಮೀಟರ್ ದಾಟಿದ ಮೇಲೆ ಬೆಳಕು ಬರೀ ಮಬ್ಬು. ಹತ್ತನೇ ಬ್ಲಾಕ್ ಆದಮೇಲೆ ಬಿಸಿಲು ಇಲ್ಲವೇ ಇಲ್ಲ. ಉಳಿದ 99 ಬ್ಲಾಕ್ ಪೂರ್ತಿ ಕತ್ತಲು! ಸ್ಪರ್ಮ್ ತಿಮಿಂಗಿಲ ಒಂದೇ ಉಸಿರಿನಲ್ಲಿ ಹತ್ತನೇ ಬ್ಲಾಕಿನ ಕೆಳಗೂ ಹೋಗಿ ಬರುತ್ತದೆ. ಟೈಟಾನಿಕ್ ಹಡಗು ಬಿದ್ದಿರುವುದು 38ನೇ ಬ್ಲಾಕಿನಲ್ಲಿ.

ಈ ಲೆಕ್ಕದಲ್ಲಿ 30 ಮೀಟರ್ ಉದ್ದದ ನೀಲಿ ತಿಮಿಂಗಿಲ ಎಷ್ಟು ಗೊತ್ತಾ? 3 ಮಿಲಿಮೀಟರ್. ಒಂದು ಸಣ್ಣ ಇರುವೆ.

ಪ್ರಶ್ನೆ (ಅದೇ ಅಮ್ಮ): ಅಬ್ಬಾ! ಅಷ್ಟು ಕಪ್ಪು ಬ್ಲಾಕ್ ಎಲ್ಲಿಂದ ತರಲಿ? ಇನ್ನೊಂದು. ಆ ದೀಪ ನಿಜವಾಗಿಯೂ ಉರಿಯುತ್ತದಾ?

ಉತ್ತರ: ಕಪ್ಪೇ ಬೇಕೆಂದಿಲ್ಲ. ಕತ್ತಲಲ್ಲಿ ಯಾವ ಬಣ್ಣವಾದರೇನು? ದೀಪ ಹೊಳೆಯುತ್ತದೆ. ಅದರೊಳಗೆ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳ ಬೆಳಕು ಅದು. ಆಳ ಸಮುದ್ರದ ಆಂಗ್ಲರ್‌ಗಳಲ್ಲಿ ದೀಪ ಇರುವುದು ಹೆಣ್ಣಿಗೆ ಮಾತ್ರ. ಗಂಡು ಚಿಕ್ಕದು. ಕೆಲವು ಜಾತಿಗಳಲ್ಲಿ ಹೆಣ್ಣಿನ ಮೈಗೆ ಕಚ್ಚಿಕೊಂಡು, ಚರ್ಮಕ್ಕೆ ಚರ್ಮ ಬೆಸೆದು, ಅವಳ ರಕ್ತದಲ್ಲೇ ಬದುಕುತ್ತದೆ. ಸೆಟ್‌ನಲ್ಲಿ ಗಂಡು ಇಲ್ಲ ಅಂತ ಬೇಜಾರಾದರೆ ಹೊಟ್ಟೆ ಕೆಳಗೆ ಒಂದು ಪುಟಾಣಿ ಚೂರು ಅಂಟಿಸಿ, ಆಯಿತು.

ಪ್ರಶ್ನೆ (ಅವಳಿ ಮಕ್ಕಳ ಅಪ್ಪ): ನಮ್ಮ ಮನೆಯದು ಬೇರೆ ಕಂಪನಿಯ ಸೆಟ್. ಶಾರ್ಕಿಗೂ ತಿಮಿಂಗಿಲಕ್ಕೂ ಒಂದೇ ಥರ ಬಾಲ ಕೊಟ್ಟಿದ್ದಾರೆ, ಎರಡೂ ನೆಟ್ಟಗೆ ನಿಂತಿವೆ. ಇದು ಸರಿಯಾ?

ಉತ್ತರ: ಶಾರ್ಕಿನದು ಸರಿ, ತಿಮಿಂಗಿಲದ್ದು ತಪ್ಪು. ಆಟಿಕೆಗಳಲ್ಲಿ ನನಗೆ ಮೈ ಉರಿಯುವುದು ಇದೇ ವಿಷಯಕ್ಕೆ. ಶಾರ್ಕ್ ಮೀನು, ಬಾಲವನ್ನು ಎಡಕ್ಕೆ ಬಲಕ್ಕೆ ಬೀಸುತ್ತದೆ. ತಿಮಿಂಗಿಲ ನಮ್ಮ ಹಾಗೆ ಹಾಲು ಕುಡಿಸುವ ಪ್ರಾಣಿ. ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡುತ್ತಿದ್ದವು. ನಾಯಿ ಜೋರಾಗಿ ಓಡುವಾಗ ಬೆನ್ನು ಹೇಗೆ ಬಗ್ಗಿ ಏಳುತ್ತದೆ ನೋಡಿ. ತಿಮಿಂಗಿಲ ನೀರಿನಲ್ಲಿ ಮಾಡುವುದೂ ಅದನ್ನೇ. ಹಾಗಾಗಿ ಅದರ ಬಾಲ ಅಡ್ಡಡ್ಡ, ಬೀಸುವುದು ಮೇಲೆ ಕೆಳಗೆ.

ಒಳ್ಳೇ ಸುದ್ದಿ ಏನೆಂದರೆ ಇದು ಬ್ಲಾಕ್. ಬಾಲದ ಕೀಲನ್ನು ಕಿತ್ತು ಕಾಲು ಸುತ್ತು ತಿರುಗಿಸಿ ಹಾಕಲು ಆಗುತ್ತದಾ ನೋಡಿ. ಅಡ್ಡ ಸಿಕ್ಕಿಸುವ ಚೂರು ಒಂದು ಬೇಕಾಗಬಹುದು. ಅಷ್ಟು ಮಾಡಿ ಎರಡನ್ನೂ ಈಜಾಡಿಸಿ ತೋರಿಸಿ. ಮಕ್ಕಳಿಗೆ ಬೇರೆ ಪಾಠ ಬೇಕಾಗಿಲ್ಲ.

ಪ್ರಶ್ನೆ (ಅವಳಿ ಮಕ್ಕಳ ಅಪ್ಪ): ಇವರು ಸಬ್‌ಮರೀನನ್ನು ಸ್ನಾನದ ಟಬ್ಬಿಗೆ ಹಾಕಿದರು. ಸೀದಾ ಮುಳುಗಿತು. ಅಳು ಬೇರೆ.

ಉತ್ತರ: ಸಬ್‌ಮರೀನ್ ಮುಳುಗಿದ್ದಕ್ಕೆ ಅಳುವುದಾ! ಈ ಬ್ಲಾಕ್‌ಗಳು ಹೆಚ್ಚಾಗಿ ಎಬಿಎಸ್ ಅನ್ನುವ ಪ್ಲಾಸ್ಟಿಕ್. ನೀರಿಗಿಂತ ಸ್ವಲ್ಪವೇ ಭಾರ. ಒಂದು ಬಿಡಿ ಬ್ಲಾಕ್ ತೆಗೆದುಕೊಂಡು ಟೊಳ್ಳು ಭಾಗ ಕೆಳಗೆ ಬರುವಂತೆ ಮೆಲ್ಲಗೆ ನೀರಿನ ಮೇಲಿಡಿ. ಒಳಗೆ ಗಾಳಿ ಸಿಕ್ಕಿಕೊಂಡು ತೇಲುತ್ತದೆ. ಬೆರಳಿನಿಂದ ಓರೆ ಮಾಡಿ. ಗುಳುಕ್ ಅಂತ ಗುಳ್ಳೆ ಹೊರಗೆ ಬರುತ್ತದೆ, ಬ್ಲಾಕ್ ತಳ ಸೇರುತ್ತದೆ. ನಿಜವಾದ ಸಬ್‌ಮರೀನಿನ ಉಪಾಯವೂ ಇಷ್ಟೇ. ಮುಳುಗಬೇಕಾದರೆ ಟ್ಯಾಂಕಿಗೆ ನೀರು ತುಂಬಿಕೊಳ್ಳುತ್ತದೆ, ಏಳಬೇಕಾದರೆ ಗಾಳಿ ಒತ್ತಿ ನೀರನ್ನು ಹೊರಗೆ ತಳ್ಳುತ್ತದೆ.

ಆದರೆ ತೀರಾ ಆಳಕ್ಕೆ ಈ ಉಪಾಯ ಸಾಲದು. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು, ಅಂದರೆ ನೆಲದ ಮೇಲೆ ಗಾಳಿ ನಮ್ಮನ್ನು ಒತ್ತುವಷ್ಟು, ಒತ್ತಡ ಏರುತ್ತದೆ, ಕಂದಕದ ತಳದಲ್ಲಿ ಸಾವಿರ ಪಟ್ಟಿಗೂ ಜಾಸ್ತಿ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಮೊದಲ ಬಾರಿ ಅಲ್ಲಿಗೆ ಇಳಿದರು. ಅವರ ಟ್ರಿಯೆಸ್ಟ್ ನೌಕೆಯ ತೇಲುವ ಭಾಗದಲ್ಲಿ ತುಂಬಿದ್ದು ಗಾಳಿಯನ್ನಲ್ಲ, ಪೆಟ್ರೋಲನ್ನು! ಅದು ನೀರಿಗಿಂತ ಹಗುರ, ಗಾಳಿಯ ಹಾಗೆ ಹಿಂಡಿಹೋಗುವುದಿಲ್ಲ. ಮೇಲೆ ಬರಲು ಕಬ್ಬಿಣದ ಗುಂಡುಗಳನ್ನು ಉದುರಿಸಿದರು. ಇಳಿಯುವಾಗ ಹೊರಗಿನ ಕಿಟಕಿ ಗಾಜೊಂದು ಬಿರುಕು ಬಿಟ್ಟಿತ್ತು. ಇಬ್ಬರೂ ಕೂತಿದ್ದು ದಪ್ಪ ಉಕ್ಕಿನ ಗೋಲದೊಳಗೆ. ಗೋಲವೇ ಯಾಕೆಂದರೆ ಒತ್ತಡ ಎಲ್ಲಾ ಕಡೆಯೂ ಸಮನಾಗಿ ಹಂಚಿಹೋಗುತ್ತದೆ, ಮೂಲೆ ಇದ್ದರೆ ಅಲ್ಲೇ ಪೆಟ್ಟು. ಚೌಕಾಕಾರದ ಬ್ಲಾಕ್ ಸಬ್‌ಮರೀನ್ ಟಬ್ಬಿನಲ್ಲೇ ಇರಲಿ.

ಪ್ರಶ್ನೆ (ಹೆಸರು ಬೇಡ ಎಂದವರು): ಕಡಲ ಪ್ರಾಣಿ ಬಗ್ಗೆ ಪ್ರೀತಿ ಬರಲಿ ಅಂತ ಪ್ಲಾಸ್ಟಿಕ್ ಕೊಡುವುದು ತಮಾಷೆ ಅನಿಸುವುದಿಲ್ಲವಾ?

ಉತ್ತರ: ಅನಿಸುತ್ತದೆ. 1997ರ ಫೆಬ್ರವರಿಯಲ್ಲಿ ಟೋಕಿಯೋ ಎಕ್ಸ್‌ಪ್ರೆಸ್ ಎಂಬ ಹಡಗು ಇಂಗ್ಲೆಂಡಿನ ಲ್ಯಾಂಡ್ಸ್ ಎಂಡ್ ಬಳಿ ದೈತ್ಯ ಅಲೆಗೆ ಸಿಕ್ಕಿ 62 ಕಂಟೇನರ್ ಕಳೆದುಕೊಂಡಿತು. ಒಂದರಲ್ಲಿ ಸುಮಾರು 48 ಲಕ್ಷ ಲೆಗೊ ಚೂರುಗಳಿದ್ದವು. ವಿಚಿತ್ರ ಅಂದರೆ ಅವುಗಳಲ್ಲಿ ಬಹಳಷ್ಟು ಸಮುದ್ರದ ಸೆಟ್‌ನವೇ. ಆಕ್ಟೋಪಸ್, ಡೈವರ್‌ನ ಈಜುಪಾದ, ಸಮುದ್ರ ಹುಲ್ಲು. ಕಾರ್ನ್‌ವಾಲ್ ತೀರದಲ್ಲಿ ದಶಕಗಳ ನಂತರವೂ ಜನರಿಗೆ ಅವು ಸಿಕ್ಕಿವೆ. ಪ್ಲಿಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಲೆಕ್ಕ ಹಾಕಿದ ಪ್ರಕಾರ ಒಂದು ಲೆಗೊ ಬ್ಲಾಕ್ ಸಮುದ್ರದಲ್ಲಿ 100ರಿಂದ 1,300 ವರ್ಷ ಉಳಿಯಬಹುದು. ಅಷ್ಟು ಗಟ್ಟಿ ಸಾಮಾನು ಅಂದಮೇಲೆ ಹಳೇ ಸೆಟ್ಟನ್ನೇ ಕೇಳಿ ಪಡೆಯಿರಿ, ಆಮೇಲೆ ಇನ್ನೊಂದು ಮನೆಗೆ ದಾಟಿಸಿ. ಎಸೆಯಬೇಡಿ. ಹಾಂ, ಮೂರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಚಿಕ್ಕ ಚೂರುಗಳು ಕೈಗೆ ಸಿಗದಂತೆ ಇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಮೊದಲ ಅಮ್ಮ (ಎರಡು ದಿನದ ನಂತರ): ಗೋಪುರ 60 ದಾಟುತ್ತಲೇ ಬಿತ್ತು. ಎರಡು ಸಲ. ಕೊನೆಗೆ ನೆಲದ ಮೇಲೆ ಉದ್ದಕ್ಕೆ ಮಲಗಿಸಿದ್ದೇವೆ, ಸಮುದ್ರ ಈಗ ಮಂಚದ ಕೆಳಗೆ ಹೋಗಿದೆ. ನಿಧಿ ಪೆಟ್ಟಿಗೆ 109ರಲ್ಲೇ ಇರಬೇಕಂತೆ. ಕಾಯಲು ಒಂದು ಮೀನು ಬೇಕಂತೆ. ಅಷ್ಟು ಕೆಳಗೆ ಯಾರಾದರೂ ಇದ್ದಾರಾ?

ಉತ್ತರ: 109ರಲ್ಲಿ ಮೀನು ಇಲ್ಲ. ಸೀಗಡಿಯಂತೆ ಕಾಣುವ ಸಣ್ಣ ಜೀವಿಗಳು ಇವೆ. ಕ್ಯಾಮೆರಾಗೆ ಸಿಕ್ಕ ಅತಿ ಆಳದ ಮೀನು ಒಂದು ಸ್ನೇಲ್‌ಫಿಶ್, 2022ರಲ್ಲಿ ಜಪಾನ್ ಬಳಿಯ ಕಂದಕದಲ್ಲಿ, 8,336 ಮೀಟರಿನಲ್ಲಿ. ನಿಮ್ಮ ಮಂಚದ ಕೆಳಗೆ 84ನೇ ಬ್ಲಾಕ್. ಮೈ ಮೆತ್ತಗೆ ಜೆಲ್ಲಿ ಥರ, ಹುರುಪೆ ಇಲ್ಲ, ಬಣ್ಣ ಪೇಲವ. ಬಿಳಿ ಚೂರು ಎರಡು ಸಾಕು.