ಸಹಾಯ ಬೇಕು: ಲಂಡನ್ ದಾಖಲೆಯ 1640, ಆಮ್‌ಸ್ಟರ್‌ಡ್ಯಾಮ್‌ನ 1640 ಒಂದೇನಾ?

ಎಲ್ಲರಿಗೂ ನಮಸ್ಕಾರ. ಆಂಟ್ವರ್ಪ್‌ನಿಂದ ಹೊರಟ ಒಂದು ಬಟ್ಟೆ ವ್ಯಾಪಾರಿ ಕುಟುಂಬದ ಜಾಡು ಹಿಡಿದಿದ್ದೇನೆ. 1585ರಲ್ಲಿ ಆ ಊರು ಸ್ಪೇನ್ ಕೈಸೇರಿದ ಮೇಲೆ ಲಂಡನ್‌ಗೆ, ಆಮೇಲೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋದವರು. ಇಲ್ಲಿವರೆಗೆ ಸಲೀಸಾಗಿ ಬಂತು.

ಈಗ ಸಿಕ್ಕಿಕೊಂಡಿದ್ದೇನೆ. ಆಮ್‌ಸ್ಟರ್‌ಡ್ಯಾಮ್‌ನ ನೋಟರಿ ಪತ್ರವೊಂದರಲ್ಲಿ 1640ರ ಅಕ್ಟೋಬರ್‌ಗೇ ಮನೆಮಂದಿಯೆಲ್ಲ ಅಲ್ಲಿದ್ದಾರೆ. ಲಂಡನ್ನಿನ ಡಚ್ ಚರ್ಚಿನಲ್ಲಿ ಮಗನ ದೀಕ್ಷಾಸ್ನಾನ 12 ಫೆಬ್ರವರಿ 1640. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಅಲ್ವಾ? ಹಾಗೆ ಬರೆದಿದ್ದರೆ ಅದು ನಮ್ಮ ಲೆಕ್ಕದ 1641. ಊರು ಬಿಟ್ಟ ಮೇಲೆ ಲಂಡನ್ನಿನಲ್ಲಿ ಮಗು ಹೇಗೆ? ಅಜ್ಜನ ಹೆಸರು ಮೊಮ್ಮಗನಿಗಿಡುವ ಮನೆತನ ಬೇರೆ, ಅದೇ ಹೆಸರಿನ ದಾಯಾದಿ ಇದ್ದರೂ ಇರಬಹುದು.

ತಾಯಿಯ ಹೆಸರು ನೋಡೋಣವೆಂದರೆ ಬರೆದೇ ಇಲ್ಲ. ಸಾಕ್ಷಿಗಳ ಹೆಸರು ಎರಡೂ ಕಡೆ ಹೋಲಿಸಿದೆ, ಒಂದೂ ಕೂಡಿಬರಲಿಲ್ಲ. ನನ್ನ ಹತ್ತಿರ ಇರುವುದು ಆ ಚರ್ಚಿನ ದೀಕ್ಷಾಸ್ನಾನಗಳ ಅಕಾರಾದಿ ಪಟ್ಟಿ ಮಾತ್ರ, ಹಿಂದಿನ ಮುಂದಿನ ಪುಟ ತಿರುಗಿಸಿ ನೋಡುವಂತಿಲ್ಲ.

ಆ ಚರ್ಚಿನ ಮೂಲ ಪುಸ್ತಕ ನೋಡಿದವರು ಯಾರಾದರೂ ಇದ್ದೀರಾ? ಅದರಲ್ಲಿ ವರ್ಷ ಬದಲಾಗುವುದು ಜನವರಿಗೋ, ಮಾರ್ಚ್‌ಗೋ? ಅದು ತಿಳಿಯದಿದ್ದರೆ, ಊರು ಬಿಡುವಾಗ ಚರ್ಚು ಕೊಡುತ್ತಿದ್ದ ಸದಸ್ಯತ್ವ ಪತ್ರದಿಂದ ಇದು ಇತ್ಯರ್ಥವಾಗುತ್ತದೆಯೇ?