‘ಕಿಚನ್ ಸಿಂಕ್’ ಸಿನಿಮಾಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಬೆಳಗ್ಗೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕಾಗಿದೆ. ನಮ್ಮ ಫಿಲಂ ಸೊಸೈಟಿ ಈ ತಿಂಗಳ ಕೊನೆಗೆ ಬ್ರಿಟನ್ನಿನ ಕೆಲವು ಹಳೆಯ ಸಿನಿಮಾಗಳನ್ನು ತೋರಿಸುತ್ತಿದೆ. ಅಲ್ಲಿನ ನಿರ್ದೇಶಕರು, ನಟ ನಟಿಯರ ಮಾತುಕತೆಗಳನ್ನು ಸೇರಿಸಿ ಒಂದು ಪುಟ್ಟ ಪುಸ್ತಿಕೆಯನ್ನೂ ತರುತ್ತಿದ್ದೇವೆ. ಅನುವಾದ ನನ್ನದು. ಪುಸ್ತಿಕೆಗೆ ಇನ್ನೂ ಒಂದು ವಾರ ಟೈಮ್ ಇದೆ. ಬ್ಯಾನರ್ ಮಾತ್ರ ನಾಳೆ ಹನ್ನೊಂದು ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಹೋಗಲೇಬೇಕು.

ತೊಂದರೆ ಇರೋದು ‘ಕಿಚನ್ ಸಿಂಕ್’ ಅನ್ನೋ ಮಾತಿನಲ್ಲಿ. 1959ರಿಂದ 1963ರವರೆಗೆ ಬಂದ, ಕಾರ್ಮಿಕರ ಮನೆಯ ದಿನನಿತ್ಯದ ಬದುಕು ತೋರಿಸುವ ಒಂದು ಗುಂಪು ಸಿನಿಮಾಗಳಿಗೆ ಅಲ್ಲಿ ಹಾಗೆ ಹೇಳುತ್ತಾರೆ. ಉದಾಹರಣೆಗೆ ಕರೆಲ್ ರೈಸ್ 1960ರಲ್ಲಿ ಮಾಡಿದ ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’. ಶುರುವಿನಲ್ಲೇ ನಟ ಆಲ್ಬರ್ಟ್ ಫಿನ್ನಿ ಲೇತ್ ಯಂತ್ರದ ಮುಂದೆ ನಿಂತಿರುತ್ತಾನೆ. ಅದು ಸೆಟ್ಟಲ್ಲ, ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ಸೈಕಲ್ ಕಾರ್ಖಾನೆಯೇ. ಈ ಚಿತ್ರದ ಮೂಲ ಕಾದಂಬರಿ ಬರೆದ ಅಲನ್ ಸಿಲಿಟೋ ಕೂಡ ಅದೇ ಕಾರ್ಖಾನೆಯಲ್ಲಿ ಕೂಲಿ ಮಾಡಿದವರು.

ನಾನು ಮೂರು ಪದ ಬರೆದು ಮೂರನ್ನೂ ಹೊಡೆದು ಹಾಕಿದ್ದೇನೆ. ‘ಅಡುಗೆಮನೆ ಸಿನಿಮಾ’ ಅಂದ್ರೆ ಟಿವಿಯ ಅಡುಗೆ ಕಾರ್ಯಕ್ರಮದ ಥರ ಕೇಳುತ್ತದೆ. ‘ವಾಸ್ತವವಾದಿ ಚಿತ್ರ’ ಅಂದ್ರೆ ಇಟಲಿಯವರ ಸಿನಿಮಾಗೂ ಅದೇ, ಸತ್ಯಜಿತ್ ರಾಯ್ ಅವರದ್ದಕ್ಕೂ ಅದೇ. ‘ಬಚ್ಚಲು ಸಿನಿಮಾ’ ಅಂದ ತಕ್ಷಣ ಮನೆಯಲ್ಲಿ ಎಲ್ಲರೂ ಮುಖ ಸಿಂಡರಿಸಿದರು. ಬಚ್ಚಲು ಬಾಯಿ ಅಂತ ಬೈಯೋದಿಲ್ವಾ, ಅದೇ ನೆನಪಾಗುತ್ತದೆ ಅಂದರು.

ಇನ್ನೊಂದು ಪದವೂ ಬೇಕು, ಅದು ಪುಸ್ತಿಕೆಗೆ. ಬ್ರಿಟಿಷ್ ನಿರ್ದೇಶಕ ಮೈಕ್ ಲೀ ಮೊದಮೊದಲು ಟಿವಿಗೆ ಮಾಡಿದ ಚಿತ್ರಗಳ ಟೈಟಲ್ಲಿನಲ್ಲಿ ಅವರ ಹೆಸರಿನ ಜೊತೆ ‘ಡಿವೈಸ್ಡ್’ ಅಂತ ಬರುತ್ತದೆ. ಅದಕ್ಕೇನು ಹೇಳೋಣ?

ಬೆಂಗಳೂರಿನಿಂದ

*

ತಂಗೀ,

ಸಿಂಕು ಬೇಡವೇ ಬೇಡ. ಮನೆಮನೆಯಲ್ಲಿ ಇರುವ ಪದ ಬಿಟ್ಟು ಹೊರಗೆ ಯಾಕೆ ಹುಡುಕುತ್ತೀರಿ? ‘ಮುಸುರೆ’ ಇದೆ. ಅಚ್ಚ ಕನ್ನಡದ ಪದ. ‘ಮುಸುರು’ ಎಂದರೆ ಮುತ್ತು, ಕವಿ. ಉಂಡು ಬಿಟ್ಟ ಪಾತ್ರೆಗೆ ನೊಣ ಮುಸುರುತ್ತವೆ. ಮುಸುರುವುದರಿಂದ ಮುಸುರೆ. ಇದನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಸಂಸ್ಕೃತದ ಹಂಗಿಲ್ಲ, ಇಂಗ್ಲಿಷಿನ ಹಂಗೂ ಇಲ್ಲ.

‘ಸಿನಿಮಾ’ ಯಾಕೆ? ಓಡುತಿಟ್ಟ ಅನ್ನಿ. ತಿಟ್ಟ ಎಂದರೆ ಚಿತ್ರ. ‘ಮುಸುರೆಯ ಓಡುತಿಟ್ಟ’ ಅಂತ ಬ್ಯಾನರಿಗೆ ಹಾಕಿ.

ಶಿವಮೊಗ್ಗದಿಂದ, ನಿವೃತ್ತ ಕನ್ನಡ ಮೇಷ್ಟ್ರು

*

ಮೇಷ್ಟ್ರೇ, ಆ ಬ್ಯಾನರ್ ನೋಡಿ ಒಬ್ಬನೂ ಒಳಗೆ ಬರುವುದಿಲ್ಲ.

ಮೇಡಂ, ‘ಕಿಚನ್ ಸಿಂಕ್’ ಅಂತಲೇ ಬಿಡಿ. ಅದು ಹೆಸರು. ಹೆಸರನ್ನು ಅನುವಾದ ಮಾಡಬಾರದು. ಆ ಹೆಸರು ಸಿನಿಮಾದಲ್ಲಿ ಹುಟ್ಟಿದ್ದೂ ಅಲ್ಲ. ಡೇವಿಡ್ ಸಿಲ್ವೆಸ್ಟರ್ ಅನ್ನೋ ಕಲಾ ವಿಮರ್ಶಕ 1954ರ ಡಿಸೆಂಬರಿನಲ್ಲಿ ‘ಎನ್‌ಕೌಂಟರ್’ ಪತ್ರಿಕೆಗೆ ಬರೆದ ಲೇಖನದ ತಲೆಬರಹ ಅದು. ಬರೆದದ್ದು ಜಾನ್ ಬ್ರ್ಯಾಟ್ಬಿ, ಜ್ಯಾಕ್ ಸ್ಮಿತ್ ಮುಂತಾದ ಚಿತ್ರಕಾರರ ಬಗ್ಗೆ. ಆ ಪದ ನಾಟಕಕ್ಕೂ ಸಿನಿಮಾಗೂ ಅಂಟಿಕೊಂಡದ್ದು ಆಮೇಲೆ. 1956ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿ ಜಾನ್ ಆಸ್ಬರ್ನ್ ನಾಟಕ ಆಡಿದಾಗ ಪರದೆ ಎದ್ದರೆ ಒಂದೇ ಕೋಣೆಯ ಮನೆ, ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಳೆ. ಅಲ್ಲಿ ಕಣ್ಣಿಗೆ ಬೀಳೋದು ಸಿಂಕ್ ಅಲ್ಲ, ಇಸ್ತ್ರಿ ಪೆಟ್ಟಿಗೆ! ಅಂದ ಮೇಲೆ ಪದದ ಅರ್ಥ ಹಿಡಿದು ಜಗ್ಗಿ ಏನು ಪ್ರಯೋಜನ?

ಮೈಸೂರಿನಿಂದ

*

ಹೆಸರನ್ನು ಅನುವಾದ ಮಾಡಬಾರದು ಅಂದರೆ ‘ಹೊಸ ಅಲೆ’ ಎಲ್ಲಿಂದ ಬಂತು? ಫ್ರೆಂಚರ ಹೆಸರನ್ನು ನಾವು ಕನ್ನಡಕ್ಕೆ ತಂದುಕೊಂಡೆವು. 1970ರ ನಂತರ ನಮ್ಮ ಸಿನಿಮಾಗಳಿಗೂ ಅದೇ ಪದ ಹಾಕಿದೆವು. ಯಾರಿಗೂ ಕಷ್ಟ ಆಗಲಿಲ್ಲ. ಹಾಗಾಗಿ ಈ ವಾದ ನಿಲ್ಲುವುದಿಲ್ಲ.

ಮೇಷ್ಟ್ರಿಗೆ: ಮುಸುರು, ಮುಸುರೆ ಕೇಳಲು ಚೆಂದ. ಆದರೆ ಅದು ಊಹೆ. ಎರಡು ಪದ ಒಂದೇ ಥರ ಕೇಳಿಸಿದರೆ ಸಾಲದು. ಹಳೆಯ ಪ್ರಯೋಗ ತೋರಿಸಿ, ಒಪ್ಪುತ್ತೇನೆ.

ಬಚ್ಚಲು ಬಿಡಬೇಡ ತಂಗಿ. ಅದು ಬೈಗುಳದ ಪದ ಅಂತ ಯಾರು ಹೇಳಿದರು? ಬಸವಣ್ಣನವರ ವಚನದಲ್ಲೇ ‘ಬಚ್ಚಲ ನೀರು ತಿಳಿದಡೇನು’ ಅಂತ ಬಂದಿದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಡುಗೆಮನೆಯ ಮೂಲೆಯಲ್ಲಿ ಒಂದು ಬಚ್ಚಲು ಇದ್ದೇ ಇರುತ್ತದೆ. ಮೂರು ಕಡೆ ಗೇಣುದ್ದದ ಕಟ್ಟೆ, ನಡುವೆ ಕಲ್ಲು, ಗೋಡೆಗೊಂದು ತೂತು. ಅಕ್ಕಿ ತೊಳೆಯೋದು, ಕೈ ತೊಳೆಯೋದು, ಪಾತ್ರೆ ತಿಕ್ಕೋದು, ಎಲ್ಲ ಅಲ್ಲೇ. ಪೇಟೆಯಲ್ಲಿ ಬಚ್ಚಲು ಅಂದರೆ ಬರೀ ಸ್ನಾನದ ಮನೆ ಅಂತ ಆಗಿಬಿಟ್ಟಿದೆ. ಅದಕ್ಕೇ ನಿಮ್ಮ ಮನೆಯವರು ಮುಖ ಸಿಂಡರಿಸಿದ್ದು.

ಧಾರವಾಡದಿಂದ

*

ಧಾರವಾಡದ ಅಕ್ಕ ಹೇಳಿದ್ದು ಓದಿ ಬರೆಯಲೇಬೇಕು ಅನ್ನಿಸಿತು. ನಾನಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಕಾರ್ಖಾನೆ ಕೆಲಸಗಾರರಿಗೆ ಅಂತ ಕಟ್ಟಿದ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು ಇನ್ನೂ ಸಾಲುಸಾಲಾಗಿ ಇವೆ. ಹಿಂದಿನ ಗೋಡೆಯ ಆಚೆಗೆ ಇನ್ನೊಬ್ಬರ ಮನೆ. ಆ ಕಾಲದಲ್ಲಿ ಇಂಥ ಎಷ್ಟೋ ಮನೆಗಳಲ್ಲಿ ಸ್ನಾನದ ಕೋಣೆಯೇ ಇರಲಿಲ್ಲ. ಮನೆಗೆಲ್ಲ ಇದ್ದದ್ದು ಒಂದೇ ನಲ್ಲಿ. ಅದರ ಕೆಳಗೆ ಸಿಂಕ್.

ನಮ್ಮ ಬೀದಿಯ ಅಜ್ಜಿಯೊಬ್ಬರು ಹುಟ್ಟಿ ಬೆಳೆದದ್ದು ಲ್ಯಾಂಕಶೈರ್ ಕಡೆ. ಅವರು ಅದನ್ನು ಸಿಂಕ್ ಅನ್ನೋದಿಲ್ಲ, ‘ಸ್ಲಾಪ್‌ಸ್ಟೋನ್’ ಅನ್ನುತ್ತಾರೆ. ಅಗಲವಾದ, ಆಳವಿಲ್ಲದ ಕಲ್ಲಿನ ತೊಟ್ಟಿ. ಅಪ್ಪ ಗಡ್ಡ ಹೆರೆದುಕೊಳ್ಳುತ್ತಿದ್ದದ್ದು ಅಲ್ಲೇ, ಅಮ್ಮ ಬಟ್ಟೆ ತಿಕ್ಕುತ್ತಿದ್ದದ್ದು ಅಲ್ಲೇ, ಮಕ್ಕಳಿಗೆ ಕುತ್ತಿಗೆ ಉಜ್ಜುತ್ತಿದ್ದದ್ದೂ ಅಲ್ಲೇ ಅಂತ ಹೇಳಿದರು. ಮೈಸೂರಿನವರು ಹೇಳಿದ ಜ್ಯಾಕ್ ಸ್ಮಿತ್ 1953ರಲ್ಲಿ ಬರೆದ ಒಂದು ಚಿತ್ರ ಬ್ರಿಟನ್ನಿನ ಟೇಟ್ ಕಲಾ ಸಂಗ್ರಹದಲ್ಲಿದೆ. ಅದರಲ್ಲಿ ತಾಯಿ ಮಗುವಿಗೆ ಸಿಂಕಿನಲ್ಲಿ ಸ್ನಾನ ಮಾಡಿಸುತ್ತಿದ್ದಾಳೆ.

ನಾವು ಬೆಂಗಳೂರಿನ ಫ್ಲಾಟಿನಲ್ಲಿ ಸಿಂಕ್ ಅಂತ ಕರೆಯೋದು ಇದನ್ನಲ್ಲ. ಅದು ಪಾತ್ರೆ ಹಾಕುವ ಸ್ಟೀಲ್ ತೊಟ್ಟಿ. ಅವರ ಸಿಂಕ್‌ನಲ್ಲಿ ಪಾತ್ರೆಯ ಜೊತೆ ಮೈಯನ್ನೂ ತೊಳೆಯುತ್ತಿದ್ದರು. ಅದು ನಮ್ಮ ಬಚ್ಚಲೇ. ‘ಸಿಂಕ್’ ಅಂತ ಬರೆದರೆ ಪದ ಅದೇ ಇರುತ್ತದೆ, ಓದುವವರ ಕಣ್ಣಿಗೆ ಕಾಣುವ ವಸ್ತು ಬೇರೆ ಆಗಿಬಿಡುತ್ತದೆ. ಈ ಸಿನಿಮಾಗಳ ಜೀವ ಇರೋದೇ ಆ ಒಂದು ನಲ್ಲಿಯ ಸುತ್ತ ಇಡೀ ಮನೆ ತಿರುಗುವುದರಲ್ಲಿ ಅಲ್ವಾ?

ಲೀಡ್ಸ್‌ನಿಂದ

*

ಸ್ಲಾಪ್ ಎಂದರೆ ಮುಸುರೆ ನೀರು. ಸ್ಟೋನ್ ಎಂದರೆ ಕಲ್ಲು. ‘ಮುಸುರೆಕಲ್ಲು’! ಇಂಗ್ಲೆಂಡಿನ ಅಜ್ಜಿಯೇ ನನ್ನ ಮಾತು ಹೇಳಿಬಿಟ್ಟರು. ಇನ್ನು ಚರ್ಚೆ ಬೇಡ.

ಮೈಸೂರಿನವರೇ, ಕಂಡಕಂಡ ಪದವನ್ನು ಹಾಗೇ ಎತ್ತಿಕೊಂಡರೆ ಮುಂದೊಂದು ದಿನ ಅಡುಗೆಮನೆಯಲ್ಲಿ ಕನ್ನಡದ ಒಂದು ಪಾತ್ರೆಯೂ ಉಳಿಯುವುದಿಲ್ಲ. ಹಂಡೆ ಹೋಯಿತು, ಕೊಳಗ ಹೋಯಿತು, ಒರಳು ಹೋಯಿತು. ಈಗ ಬಚ್ಚಲು, ಮುಸುರೆ.

ಶಿವಮೊಗ್ಗದಿಂದ

*

ಮೇಷ್ಟ್ರೇ, ಹಂಡೆ ಹೋದದ್ದು ಇಂಗ್ಲಿಷ್ ಬಂದದ್ದರಿಂದ ಅಲ್ಲ, ಗೀಸರ್ ಬಂದದ್ದರಿಂದ. ವಸ್ತು ಹೋದರೆ ಪದ ಹೋಗುತ್ತದೆ. ‘ಕಿಚನ್’ ಅನ್ನೋ ಪದವೇ ಇಂಗ್ಲಿಷರ ಸ್ವಂತದ್ದಲ್ಲ, ಲ್ಯಾಟಿನ್ ಮೂಲದ್ದು. ಅವರೇನು ಅಳುತ್ತಾ ಕೂತಿಲ್ಲ. ‘ಮೋರಿ’ ಮರಾಠಿಯಲ್ಲೂ ಇದೆ, ಹಿಂದಿಯಲ್ಲೂ ಇದೆ. ನಾಳೆ ಅದನ್ನೂ ಮನೆಯಿಂದ ಆಚೆ ಹಾಕುತ್ತೀರಾ?

ಒಂದು ವಿಷಯ ಸೇರಿಸಲೇಬೇಕು. ಇದೇ ಗುಂಪಿನ ‘ದಿಸ್ ಸ್ಪೋರ್ಟಿಂಗ್ ಲೈಫ್’ (1963) ಮಾಡಿದ ಲಿಂಡ್ಸೆ ಆಂಡರ್ಸನ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1923ರಲ್ಲಿ. ಪುಸ್ತಿಕೆಯಲ್ಲಿ ಇದು ಬರಲಿ.

ಮೈಸೂರಿನಿಂದ

*

ಆಂಡರ್ಸನ್ ಎಲ್ಲಿ ಹುಟ್ಟಿದರು ಅನ್ನುವುದಕ್ಕೂ ಸಿಂಕ್ ಪದಕ್ಕೂ ಸಂಬಂಧ ಇಲ್ಲ. ನಾಳೆ ಹನ್ನೊಂದಕ್ಕೆ ಪದ ಬೇಕಾಗಿದೆ.

ಧಾರವಾಡದಿಂದ

*

ನಾನು ಸುಮ್ನೆ ಓದಿಕೊಂಡಿರುವವಳು, ಬರೆಯೋದು ಕಡಿಮೆ. ಮುಸುರೆ ಪದದ ಬಗ್ಗೆ ಒಂದು ಮಾತು ಹೇಳಬೇಕು.

ನಮ್ಮಮ್ಮ ಮೂರು ಮನೆಯಲ್ಲಿ ಮುಸುರೆ ತಿಕ್ಕಿ ನನ್ನನ್ನು ಓದಿಸಿದಳು. ‘ಮುಸುರೆ ತಿಕ್ಕೋಕೆ ಹೋಗ್ತೀನಿ’ ಅಂತ ಹೇಳುತ್ತಿದ್ದದ್ದು ಬೇರೆಯವರ ಮನೆಗೆ ಹೊರಟಾಗ ಮಾತ್ರ. ನಮ್ಮನೆಯ ಪಾತ್ರೆಗೆ ‘ಪಾತ್ರೆ ತೊಳಿ’ ಅಂತಲೇ ಅನ್ನುತ್ತಿದ್ದಳು. ಅವಳ ಬಾಯಲ್ಲಿ ಮುಸುರೆ ಅಂದರೆ ಉಂಡವರು ಬೇರೆ, ತಿಕ್ಕುವವರು ಬೇರೆ. ಅದರ ಜೊತೆಗೆ ಮಡಿ ಮೈಲಿಗೆಯೂ ಇತ್ತು. ಒಂದು ಮನೆಯಲ್ಲಿ ಪಾತ್ರೆಗಳನ್ನು ಹಿತ್ತಿಲಿಗೆ ತಂದು ಹಾಕುತ್ತಿದ್ದರು. ತೊಳೆದು ಬೋರಲು ಹಾಕಿದ ಮೇಲೆ ಅವರು ಇನ್ನೊಮ್ಮೆ ನೀರು ಹುಯ್ದು ಒಳಗೆ ತೆಗೆದುಕೊಳ್ಳುತ್ತಿದ್ದರು. ಅಮ್ಮ ಆ ಅಡುಗೆಮನೆಯೊಳಗೆ ಕಾಲಿಟ್ಟವಳಲ್ಲ.

ಲೀಡ್ಸ್‌ನವರು ಹೇಳಿದ ಸಿನಿಮಾಗಳಲ್ಲಿ ಹಾಗಲ್ಲ. ಬಡವರೇ, ಆದರೆ ಸಿಂಕ್ ಅವರದ್ದೇ. ಅವರ ಪಾತ್ರೆ, ಅವರ ಮಗು, ಅವರ ಜಗಳ. ಮುಸುರೆ ಅಂತ ಹಾಕಿದರೆ ಅದು ಇನ್ನೊಬ್ಬರ ಮನೆಯ ಹಿತ್ತಿಲಿನ ಕಥೆ ಆಗುತ್ತದೆ. ಅಂಥ ಸಿನಿಮಾ ಬಂದರೆ ಆ ಪದ ಅದಕ್ಕಿರಲಿ. ನನ್ನ ಓಟು ಬಚ್ಚಲಿಗೆ.

ಮಂಡ್ಯದಿಂದ

*

ತಾಯೀ, ನಾನು ಪದದ ಬೇರು ನೋಡುತ್ತಾ ಕೂತಿದ್ದೆ. ನೀವು ಹೇಳಿದ್ದು ಸರಿ. ‘ಮುಸುರೆಕಲ್ಲು’ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಓಡುತಿಟ್ಟ ಬಿಡುವುದಿಲ್ಲ.

ಶಿವಮೊಗ್ಗದಿಂದ

*

ಎಲ್ಲರಿಗೂ ನಮಸ್ಕಾರ. ರಾತ್ರಿ ಒಂದು ಗಂಟೆಯವರೆಗೆ ಓದುತ್ತಾ ಕೂತಿದ್ದೆ. ಮಂಡ್ಯದ ಅಕ್ಕನ ಮೇಲ್ ಓದಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಬರೀ ‘ಬಚ್ಚಲು’ ಅಂದರೆ ಪೇಟೆಯವರಿಗೆ ಸ್ನಾನದ ಮನೆಯೇ. ‘ಒಲೆ ಬಚ್ಚಲು’ ಅಂತ ಯೋಚಿಸಿದೆ, ಅದು ನೀರು ಕಾಯಿಸುವ ಬಚ್ಚಲ ಒಲೆ ಆಗಿಬಿಡುತ್ತದೆ. ಕೊನೆಗೆ ಬ್ಯಾನರಿನಲ್ಲಿ ದೊಡ್ಡ ಅಕ್ಷರದಲ್ಲಿ ‘ಅಡುಗೆಮನೆ ಬಚ್ಚಲಿನ ಸಿನಿಮಾ’ ಅಂತ ಹಾಕಿದೆ. ಕೆಳಗೆ ಸಣ್ಣದಾಗಿ ‘ಬ್ರಿಟನ್ನಿನ ಕಿಚನ್ ಸಿಂಕ್ ಚಿತ್ರಗಳು, 1959–1963’. ಮೈಸೂರಿನವರ ಮಾತೂ ಉಳಿಯಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಫೈಲ್ ಕೊಟ್ಟು ಬಂದೆ. ಆಂಡರ್ಸನ್ ಹುಟ್ಟೂರು ಪುಸ್ತಿಕೆಯಲ್ಲಿ ಬರುತ್ತದೆ. ಜ್ಯಾಕ್ ಸ್ಮಿತ್ ಚಿತ್ರದ ಬಗ್ಗೆ ಒಂದು ಪ್ಯಾರಾವೂ ಬರುತ್ತದೆ.

‘ಡಿವೈಸ್ಡ್’ ಬಗ್ಗೆ ಯಾರೂ ಏನೂ ಹೇಳಲಿಲ್ಲ. ‘ಆಶುರಚನೆ’ ಅನ್ನೋಣವೇ?

ಬೆಂಗಳೂರಿನಿಂದ

*

ಆಶು ಬೇಡ. ಮೈಕ್ ಲೀ ಕೆಲಸಕ್ಕೆ ಅದು ಹೊಂದುವುದಿಲ್ಲ.

ನಮ್ಮ ತಾಳಮದ್ದಳೆಯಲ್ಲಿ ಪದ್ಯ ಮೊದಲೇ ಇರುತ್ತದೆ, ಅರ್ಥ, ಅಂದರೆ ಮಾತು, ಆ ಕ್ಷಣಕ್ಕೆ ಹುಟ್ಟುತ್ತದೆ. ಅದು ಆಶು. ಲೀ ಮಾಡುವುದು ತಿರುಗಾಮುರುಗಾ. ಶುರುವಿಗೆ ಚಿತ್ರಕಥೆಯೇ ಇಲ್ಲ. ನಟರು ತಿಂಗಳುಗಟ್ಟಲೆ ಪಾತ್ರವನ್ನು ಬೆಳೆಸುತ್ತಾರೆ. ಪಾತ್ರಕ್ಕೆ ಗೊತ್ತಿರುವಷ್ಟೇ ನಟನಿಗೂ ಗೊತ್ತು. ‘ವೆರಾ ಡ್ರೇಕ್’ (2004) ತಾಲೀಮಿನಲ್ಲಿ ಮನೆಯವರ ಪಾತ್ರ ಮಾಡಿದವರಿಗೆ, ವೆರಾ ಗುಟ್ಟಾಗಿ ಬೇರೆ ಹೆಂಗಸರಿಗೆ ಗರ್ಭಪಾತ ಮಾಡುತ್ತಾಳೆ ಅನ್ನೋದು ಗೊತ್ತೇ ಇರಲಿಲ್ಲ. ಪೊಲೀಸರು ಬಾಗಿಲು ತಟ್ಟಿದಾಗಲೇ ತಿಳಿದದ್ದು. ಆದರೆ ಕ್ಯಾಮೆರಾ ಮುಂದೆ ನಿಲ್ಲುವ ಹೊತ್ತಿಗೆ ಪ್ರತಿ ಮಾತೂ ಗಟ್ಟಿಯಾಗಿರುತ್ತದೆ. ಆಶು ಅಂದರೆ ಆ ತಿಂಗಳುಗಳ ದುಡಿಮೆ ಕಾಣುವುದೇ ಇಲ್ಲ.

‘ಕಟ್ಟಿದವರು’ ಅನ್ನಿ. ನಾಟಕ ಕಟ್ಟುತ್ತೇವೆ, ತಂಡ ಕಟ್ಟುತ್ತೇವೆ, ಪದ ಕಟ್ಟುತ್ತೇವೆ. ನಾಲ್ಕು ಜನ ಸೇರಿ ಮಾಡಿದ್ದು ಅನ್ನೋದು ಅದರಲ್ಲೇ ಇದೆ.

ಉಡುಪಿಯಿಂದ

*

‘ಕಥೆ ಕಟ್ಟಿದವರು’ ಅಂತ ಮಾತ್ರ ಬರೆಯಬೇಡಿ. ಸುಳ್ಳು ಹೇಳಿದವರು ಅಂತ ಆಗುತ್ತದೆ.

ಧಾರವಾಡದಿಂದ

*

‘ಚಿತ್ರ ಕಟ್ಟಿ ನಿರ್ದೇಶಿಸಿದವರು: ಮೈಕ್ ಲೀ.’ ಸರಿನಾ?

ಬೆಂಗಳೂರಿನಿಂದ

*

‘ತಿಟ್ಟ ಕಟ್ಟಿ.’

ಶಿವಮೊಗ್ಗದಿಂದ